ಪೋಪನ ವಿಚಾರಣೆ, ನಮ್ಮತ್ತೆಯ ದೀಪ

ಹೊಟ್ಟೆಕಿಚ್ಚಿನ ಬಗ್ಗೆ ನನಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಪಾಠ ಹೇಳುವುದು ನನ್ನ ಕೆಲಸ. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಮಕ್ಕಳಿಗೆ ಮಧ್ಯಯುಗದ ಯೂರೋಪಿನ ಇತಿಹಾಸ ಹೇಳುತ್ತೇನೆ. ಇರುವುದು ಚಾಮರಾಜನಗರದಲ್ಲಿ, ಅತ್ತೆಯ ಮನೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ನಡುವೆ ನನ್ನ ತವರೂರು ತೆರಕಣಾಂಬಿ ಸಿಗುತ್ತದೆ. ಅಲ್ಲಿ ಕೇರಳಕ್ಕೆ ಹೊರಟ ತರಕಾರಿ ಲಾರಿಗಳ ಹಿಂದೆ ಬಸ್ಸು ತಗಲಿಕೊಂಡಾಗ ನಾನು ಪುಸ್ತಕ ಬಿಚ್ಚಿ ಅವತ್ತಿನ ಪಾಠ ನೋಡಿಕೊಳ್ಳುತ್ತೇನೆ. ಈಗ ಹೇಳುತ್ತಿರುವುದು ಶಿವರಾತ್ರಿಗೆ ಮುಂಚಿನ ವಾರಗಳ ಮಾತು. ಆಗ ನೋಡಿಕೊಳ್ಳುತ್ತಿದ್ದುದು ಹದಿಮೂರನೆಯ ಶತಮಾನದ ಒಬ್ಬ ಪೋಪನನ್ನು.

ಅವನ ಹೆಸರಿನವರೇ ಸಾಲಾಗಿ ಪೋಪರಾಗಿದ್ದರಿಂದ ಮಕ್ಕಳು ಪರೀಕ್ಷೆಯಲ್ಲಿ ಯಾರದೋ ತಲೆಗೆ ಯಾರದೋ ಟೋಪಿ ಹಾಕಿಬಿಡುತ್ತಿದ್ದರು. ಹಾಗಾಗಿ ನಾನು ಅವನನ್ನು ತರಗತಿಯಲ್ಲಿ ‘ಆ ಮುದುಕ’ ಎಂದೇ ಕರೆಯುತ್ತಿದ್ದೆ. ಪೋಪನಾಗುವ ಹೊತ್ತಿಗೇ ಅವನಿಗೆ ವಯಸ್ಸಾಗಿತ್ತು. ಕಾನೂನು ಓದಿಕೊಂಡವನು. ಬರಿಗಾಲಲ್ಲಿ ಭಿಕ್ಷೆ ಬೇಡುತ್ತಿದ್ದ ಒಬ್ಬ ಸಂತನ ಗೆಳೆಯ. ಆ ಸಂತ ಸತ್ತ ಮೇಲೆ ಅವನಿಗೆ ಸಂತಪದವಿ ಕೊಟ್ಟವನೂ ಇವನೇ. ಕೆಟ್ಟವನೆಂದು ಒಂದೇ ಏಟಿಗೆ ತಳ್ಳಿಹಾಕುವಂಥ ಮನುಷ್ಯನಲ್ಲ. ಆದರೂ ಮುಂದೆ ನೂರಾರು ವರ್ಷ ಯೂರೋಪನ್ನು ನಡುಗಿಸಿದ ಧರ್ಮವಿಚಾರಣೆ, ಅಂದರೆ ಇನ್‌ಕ್ವಿಸಿಷನ್ ಎಂಬುದಕ್ಕೆ ಬೀಜ ಬಿದ್ದದ್ದು ಇವನ ಕೈಯಿಂದ.

ಅದಕ್ಕೆ ಮುಂಚೆ ಪಾಷಂಡಿಗಳನ್ನು, ಎಂದರೆ ಚರ್ಚು ಹೇಳಿದಂತೆ ನಂಬದವರನ್ನು, ಹಿಡಿದು ವಿಚಾರಿಸುವ ಕೆಲಸ ಆಯಾ ಊರಿನ ಬಿಷಪ್ಪನದಾಗಿತ್ತು. ಬಿಷಪ್ಪನಿಗೆ ನೂರೆಂಟು ಕೆಲಸ. ಮೇಲಾಗಿ ಪಾಷಂಡಿ ಎಷ್ಟೋ ಸಲ ಅವನ ನೆಂಟನೇ ಆಗಿರುತ್ತಿದ್ದ. ಇನ್ನೊಂದು ಕಡೆ ಆ ಕಾಲದ ಚಕ್ರವರ್ತಿ, ಪೋಪನಿಗಿಂತ ಎಷ್ಟೋ ಚಿಕ್ಕವನು, ಬುದ್ಧಿವಂತ, ಹಟಮಾರಿ. ಪಾಷಂಡಿಗಳನ್ನು ಸುಡಬೇಕೆಂದು ಅವನೇ ತನ್ನ ಕಾಯಿದೆ ಮಾಡಿಕೊಂಡ. ಮುದುಕನಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಧರ್ಮ ಯಾವುದು, ಅಧರ್ಮ ಯಾವುದು ಎಂದು ಹೇಳುವ ಅಧಿಕಾರ ಆ ಚಕ್ರವರ್ತಿಯ ಕೈಗೆ ಜಾರಿಹೋದರೆ ತನ್ನದೇನು ಉಳಿಯಿತು? ಪೋಪ ಬಿಷಪ್ಪರನ್ನು ಪಕ್ಕಕ್ಕೆ ಸರಿಸಿ ತನಗೇ ನೇರ ಉತ್ತರ ಕೊಡುವ ಭಿಕ್ಷು ಸನ್ಯಾಸಿಗಳನ್ನು ಊರೂರಿಗೆ ಕಳಿಸಿದ. ಶುರುವಾದದ್ದು ಹೀಗೆ.

ಇಷ್ಟು ಹೇಳಿ ಮುಗಿಸಿದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು. ಅವಳ ತಂದೆಗೆ ಗುಂಡ್ಲುಪೇಟೆ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ; ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ನಮ್ಮೆಲ್ಲರಿಗಿಂತ ಚೆಂದದ ಕನ್ನಡ. “ಮ್ಯಾಮ್, ಹಂಗಾದ್ರೆ ಇದೆಲ್ಲಾ ದೇವ್ರಿಗೋಸ್ಕರ ಅಲ್ವೇ ಅಲ್ಲ. ಆ ಚಕ್ರವರ್ತಿ ಮೇಲೆ ಹೊಟ್ಟೆಕಿಚ್ಚು, ಅಷ್ಟೇ,” ಅಂದಳು.

“ಬರೀ ಅಷ್ಟೇ ಅಂತ ಬರೆದರೆ ಮಾರ್ಕ್ಸ್ ಬರಲ್ಲ,” ಅಂದೆ. ತರಗತಿ ನಕ್ಕಿತು. ನನಗೆ ಮಾತ್ರ ಆ ಮುದುಕನ ಮೇಲೆ ಯಾಕೋ ಅಯ್ಯೋ ಅನ್ನಿಸಿತು. ತನ್ನದಾಗಬೇಕಾದ್ದು ಕಿರಿಯರ ಪಾಲಾಗುವುದನ್ನು ನೋಡುತ್ತ ಕೂರುವ ಕಷ್ಟ ಹತ್ತೊಂಬತ್ತರ ಹುಡುಗಿಗೆ ಏನು ಗೊತ್ತು.

ನನ್ನ ಚಕ್ರವರ್ತಿ ಕುದೇರಿನವಳು. ನನ್ನ ಗಂಡನ ತಮ್ಮನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ನಾವೆಲ್ಲ ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡುಕೊಂಡು ಇದ್ದೇವೆ. ಅವಳು ಈ ಮನೆಗೆ ಬಂದು ಮೂರು ವರ್ಷ. ನಾನು ಬಂದು ಇಪ್ಪತ್ತು ದಾಟಿದೆ. ಅತ್ತೆ ಅವಳನ್ನು ಕರೆಯುವುದು ‘ಮಗ’ ಎಂದು. “ಬಾ ಮಗ, ಉಣ್ಣು ಮಗ.” ನನ್ನನ್ನು ಕರೆಯುವುದು ‘ಮೇಡಮ್ಮೋರು’ ಎಂದು. ಇಪ್ಪತ್ತು ವರ್ಷದಿಂದ ಮೇಡಮ್ಮೋರು. ಅನ್ನದ ಪಾತ್ರೆಯ ತಳ ಹಿಡಿದ ಸೀಕಲು ನನಗೂ ಇಷ್ಟವೆಂದು ಅತ್ತೆಗೆ ಗೊತ್ತು. ಕೆರೆದು ಇಡುವುದು ಅವಳ ತಟ್ಟೆಗೆ. ಅವಳ ತಲೆಗೆ ಅತ್ತೆಯೇ ಎಣ್ಣೆ ಒತ್ತುತ್ತಾರೆ. ಅವಳು ಹಾಲು ಉಕ್ಕಿಸಿದರೆ “ಉಕ್ಕಿದ್ರೆ ಒಳ್ಳೇದು ಬುಡು,” ಅನ್ನುತ್ತಾರೆ. ನಾನು ಉಕ್ಕಿಸಿದರೆ “ಮೇಡಮ್ಮೋರ್ಗೆ ಪೇಪರ್ ನೋಡೋದೇ ಆಯ್ತಲ್ಲ,” ಅನ್ನುತ್ತಾರೆ. ಇವೆಲ್ಲ ಸಣ್ಣ ವಿಷಯಗಳು, ನಾನೂ ಒಪ್ಪುತ್ತೇನೆ. ಆದರೆ ಉರಿ ಹತ್ತುವುದು ಸಣ್ಣ ಪುರಲೆ ಕಡ್ಡಿಯಿಂದಲೇ.

ಇನ್ನೂ ಕಷ್ಟವೇನೆಂದರೆ ಅವಳು ಒಳ್ಳೆಯವಳು. ಜಗಳಗಂಟಿಯಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು.

ನಮ್ಮ ಮನೆ ಮಾದಪ್ಪನ ಒಕ್ಕಲು. ಸೋಮವಾರ ಸಂಜೆ ಇಡೀ ಮನೆಗೆ ಧೂಪ ಹಾಕುವುದು ತಲೆಮಾರುಗಳಿಂದ ನಡೆದುಬಂದದ್ದು. ಹಿತ್ತಾಳೆಯ ಒಂದು ಬಟ್ಟಲಿದೆ, ಹಿಡಿ ಸವೆದದ್ದು. ಅದರಲ್ಲಿ ಕೆಂಡ ತುಂಬಿ, ಸಾಂಬ್ರಾಣಿ ಉದುರಿಸಿ, ದೇವರ ಗೂಡಿನಿಂದ ಹಿಡಿದು ದನದ ಕೊಟ್ಟಿಗೆಯವರೆಗೆ ತಿರುಗಬೇಕು. ಅದನ್ನು ಹಿಡಿಯುವ ಕೈ ಮನೆಯ ಹಿರಿಯ ಹೆಂಗಸಿನದು. ಅತ್ತೆಗೆ ಮಂಡಿ ನೋವು ಹೆಚ್ಚಾಗಿತ್ತು. ಶಿವರಾತ್ರಿಗೆ ನಮ್ಮ ಬೀದಿಯ ಗುಂಪು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಸೋಮವಾರ ಬಟ್ಟಲನ್ನು ಸೊಸೆಗೆ ಒಪ್ಪಿಸುತ್ತೇನೆ ಎಂದರು. ಯಾವ ಸೊಸೆಗೆ ಎಂದು ಹೇಳಲಿಲ್ಲ. ಹಿರಿಸೊಸೆ ನಾನು, ನ್ಯಾಯವಾಗಿ ನನ್ನದು. ನಾನು ಅಂಥ ದೊಡ್ಡ ಭಕ್ತೆಯಲ್ಲ. ಸಾಂಬ್ರಾಣಿಗೆ ನನಗೆ ಸೀನು ಬರುತ್ತದೆ. ಆದರೂ ಆ ಬಟ್ಟಲು ನನಗೆ ಬೇಕಿತ್ತು, ಬಾಯಿ ಬಿಟ್ಟು ಕೇಳಲಾಗದಷ್ಟು ಬೇಕಿತ್ತು. ಅದೊಂದು ನನ್ನ ಕೈಗೆ ಬಂದರೆ ‘ಮಗ’ ಅವಳೇ ಆಗಿರಲಿ ಎಂದು ಬಿಟ್ಟುಕೊಡಲು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡಿದ್ದೆ.

ಕಾಲ್ನಡಿಗೆಗೆ ಮುಂಚಿನ ದಿನಗಳಲ್ಲಿ ಮನೆ ಮಡಿಯಾಗಿರಬೇಕು. ಬೇರೆ ದಿನ ಕೋಳಿ, ಮೊಟ್ಟೆ ಎಲ್ಲ ತಿನ್ನುವವರೇ ನಾವು. ಹರಕೆಯ ದಿನಗಳಲ್ಲಿ ಮಾತ್ರ ಅದು ಹೊಸ್ತಿಲ ಒಳಗೆ ಬರುವಂತಿಲ್ಲ. ನಮ್ಮ ಮನೆಯ ಹರಕೆ ಹೊತ್ತು ನಡೆಯುವವನು ನನ್ನ ಮೈದುನ. ಮನೆ ಮೈಲಿಗೆಯಾದರೆ ಗುಂಪು ಅವನನ್ನು ಸೇರಿಸಿಕೊಳ್ಳುವುದಿಲ್ಲ.

ಹೊರಡುವ ಸೋಮವಾರ ಬೆಳಿಗ್ಗೆ ಎದುರುಮನೆಯ ಹೆಂಗಸು ಸಗಣಿ ಕೇಳಲು ಹಿತ್ತಲಿಗೆ ಬಂದವಳು ತಿಪ್ಪೆಯ ಮೂಲೆಯಲ್ಲಿ ಮೊಟ್ಟೆಯ ಚಿಪ್ಪು ಕಂಡಳು. ಅವಳ ಗಂಡನೇ ಕಾಲ್ನಡಿಗೆ ಗುಂಪಿನ ಯಜಮಾನ. ಕೇಳಬೇಕೆ? ಚಿಪ್ಪನ್ನು ಒಂದು ಕಡ್ಡಿಯ ತುದಿಯಲ್ಲಿ ಎತ್ತಿಕೊಂಡು ನಡುಮನೆಯ ಬಾಗಿಲಿಗೇ ತಂದಳು. “ಇದೇನವ್ವ ಇದು? ನಿಮ್ಮನೇಲಿ ಯಾರ್ ಮಾಡುದ್ರು ಈ ಕೆಲ್ಸನ? ನಮ್ಮ ಯಜಮಾನ್ರಿಗೆ ನಾನ್ ಏನಂತ ಯೋಳ್ಲಿ?”

ನಾನು ಕಾಲೇಜಿಗೆ ಸೀರೆ ಉಟ್ಟು ನಿಂತಿದ್ದೆ. ಅವತ್ತಿನ ಪಾಠ ತಲೆಯಲ್ಲಿ ತಿರುಗುತ್ತಿತ್ತು. ಪೋಪನ ಸನ್ಯಾಸಿಗಳು ಹಿಡಿಯುತ್ತಿದ್ದ ದಕ್ಷಿಣ ಫ್ರಾನ್ಸಿನ ಪಾಷಂಡಿಗಳಲ್ಲಿ ಕಟ್ಟುನಿಟ್ಟಿನವರು ಮಾಂಸ, ಮೊಟ್ಟೆ ಮುಟ್ಟುತ್ತಿರಲಿಲ್ಲ. ಕೋಳಿ ಕೊಲ್ಲಲು ಒಪ್ಪದವನು ಪಾಷಂಡಿಯೇ ಸರಿ ಎಂದು ಅಲ್ಲಿ ಅನುಮಾನ ಪಡುತ್ತಿದ್ದರು. ನಮ್ಮ ಮನೆಯಲ್ಲಿ ನೋಡಿದರೆ ಮೊಟ್ಟೆ ಒಡೆದವರ ಮೇಲೆ ವಿಚಾರಣೆ. ನಗು ಬಂತು, ತುಟಿಯ ಮೇಲೇ ಬಂದುಬಿಟ್ಟಿತು. ಎದುರುಮನೆಯವಳು ಅದನ್ನು ನೋಡಿದಳು.

ಅತ್ತೆ ದೇವರ ಗೂಡಿನ ದೀಪ ತಂದು ನೆಲದ ಮೇಲಿಟ್ಟರು. ನಮ್ಮ ಕಡೆ ಆಣೆ ಎಂದರೆ ಆಟವಲ್ಲ. ಉರಿಯುವ ದೀಪ ಮುಟ್ಟಿ ಮಾದಪ್ಪನ ಹೆಸರೆತ್ತಿದರೆ ಮುಗಿಯಿತು. ಪೊಲೀಸು, ಪಂಚಾಯ್ತಿ ಯಾವುದೂ ಬೇಡ. ಸುಳ್ಳು ಆಣೆ ಇಟ್ಟವನ ಮನೆ ಉದ್ಧಾರವಾಗುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ. ಅತ್ತೆ ತಲೆ ಎತ್ತಿದರು. ಅವರ ಕಣ್ಣು ಒಂದು ಸಲ ವಾರಗಿತ್ತಿಯ ಮೇಲೆ ಹೋಗಿ, ನಿಲ್ಲದೆ, ನನ್ನ ಮೇಲೆ ಬಂದು ನಿಂತಿತು.

“ಮೇಡಮ್ಮೋರೆ, ನೀವ್ ಮುಟ್ಟಿ.”

“ನಾನಾ?”

“ಊಂ ಕಣವ್ವ. ದೀಪ ಮುಟ್ಟು, ನಾನಲ್ಲ ಅನ್ನು. ಮುಗೀತು.”

ನಾನು ಮೊಟ್ಟೆ ತಿಂದಿರಲಿಲ್ಲ. ಮುಟ್ಟಿದ್ದರೆ ಒಂದು ಕ್ಷಣದ ಕೆಲಸ. ಆದರೆ ನನ್ನೊಬ್ಬಳನ್ನೇ ಏಕೆ? ಆ ನಡುಮನೆಯಲ್ಲಿ ಇಬ್ಬರು ಸೊಸೆಯರಿದ್ದರು. ಕಂಬಕ್ಕೊರಗಿ ಸೆರಗು ಹಿಡಿದು ನಿಂತಿದ್ದವಳನ್ನು ಒಂದು ಮಾತೂ ಕೇಳದೆ, ಇಪ್ಪತ್ತು ವರ್ಷದಿಂದ ಮನೆ ನೋಡಿಕೊಂಡ ನನ್ನ ಮುಂದೆ ದೀಪ ಸರಿಸಿದ್ದರು.

“ಮೊದಲು ಅವಳು ಮುಟ್ಟಲಿ. ಆಮೇಲೆ ನಾನು ಮುಟ್ಟುತ್ತೇನೆ,” ಅಂದೆ.

“ಅವಳ್ ಸುದ್ದಿ ಯಾಕೀಗ? ನಾನ್ ಕೇಳ್ತಿರೋದು ನಿನ್ನ.”

“ಹಾಗಾದ್ರೆ ನಾನು ಮುಟ್ಟಲ್ಲ.”

ಎದುರುಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ದೀಪವನ್ನೂ ಮುಟ್ಟಲಿಲ್ಲ. ಕಳ್ಳಿ ಎನ್ನಿಸಿಕೊಳ್ಳಲು ಅಷ್ಟೇ ಸಾಕಾಯಿತು. ಇದೂ ನಾನು ಪಾಠ ಹೇಳಿದ್ದೇ. ಆ ಫ್ರಾನ್ಸಿನವರು ಯಾವ ಕಾರಣಕ್ಕೂ ಆಣೆ ಇಡುತ್ತಿರಲಿಲ್ಲ, ಅದು ಅವರ ಧರ್ಮ. ವಿಚಾರಣೆಗೆ ಬಂದ ಸನ್ಯಾಸಿಗೆ ಬೇರೆ ಸಾಕ್ಷಿಯೇ ಬೇಡವಾಗುತ್ತಿತ್ತು. ಆಣೆ ಇಡು ಎನ್ನುವುದು, ಇಡದಿದ್ದರೆ ಹಿಡಿಯುವುದು. ಅವರಿಗಾದರೂ ಧರ್ಮ ಅಡ್ಡ ಬಂತು. ನನಗೆ ಅಡ್ಡ ಬಂದದ್ದು ಕಂಬಕ್ಕೊರಗಿದ್ದ ಆ ಹುಡುಗಿ.

ಅಷ್ಟರಲ್ಲಿ ಅವಳೇ ಮುಂದೆ ಬಂದಳು. ನೆಲದ ಮೇಲೆ ಕೂತು, ಯಾರೂ ಕೇಳದಿದ್ದರೂ, ಎರಡೂ ಕೈಯಲ್ಲಿ ದೀಪ ಮುಟ್ಟಿದಳು. “ಮಾದಪ್ಪನಾಣೆಗೂ ನಮ್ಮಕ್ಕ ತಿಂದಿಲ್ಲ. ನಮ್ಮಕ್ಕ ಅಂತೋರಲ್ಲ,” ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಎದುರುಮನೆಯವಳಿಗೆ ಅಷ್ಟು ಸಾಕಾಯಿತು. ಒಬ್ಬರ ಪರವಾಗಿ ಇನ್ನೊಬ್ಬರು ಅಷ್ಟು ಧೈರ್ಯದಿಂದ ಆಣೆ ಇಟ್ಟರೆ ಯಾರು ತಾನೇ ಅಲ್ಲವೆಂದಾರು. “ಯಾವ್ದೋ ಕಾಗೆ ತಂದು ಆಕಿರ್ಬೇಕು ಬುಡಿ,” ಎಂದು ಕಡ್ಡಿ ಎಸೆದು ಹೋದಳು. ಮೈದುನ ಗುಂಪಿನ ಜೊತೆ ಹೊರಟ. ಸಂಜೆ ಅತ್ತೆ ಧೂಪದ ಬಟ್ಟಲನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಕಿರಿಸೊಸೆಯ ಕೈಗಿಟ್ಟರು. “ದೀಪಾನೇ ಮುಟ್ದೆ ಇರೋರು ಧೂಪದ ಬಟ್ಲು ಎಂಗ್ ಮುಟ್ಟಾರು,” ಎಂದು ಗೋಡೆಗೆ ಹೇಳಿದರು.

ನನ್ನ ಬಟ್ಟಲು ಹೋದದ್ದು ಒಂದು ನೋವು. ನಾನು ತಪ್ಪಿಲ್ಲದವಳು ಎಂಬುದೂ ಅವಳು ಕೊಟ್ಟ ದಾನವಾಗಿಬಿಟ್ಟಿತಲ್ಲ, ಅದು ಇನ್ನೂ ದೊಡ್ಡ ನೋವು. ಅವಳು ಕೋಣೆ ಕೋಣೆ ಧೂಪ ತಿರುಗಿಸುತ್ತ ನನ್ನ ಕೋಣೆಗೂ ಬಂದಳು. ನಾನು ಉತ್ತರ ಪತ್ರಿಕೆಗಳಿಂದ ತಲೆ ಎತ್ತಲಿಲ್ಲ. ಸೀನು ಬಂತು, ಅದನ್ನೂ ಹಟದಿಂದ ತಡೆದೆ.

ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ನನ್ನ ಪಕ್ಕ ಬಂದು ಕೂತಳು. “ಅಕ್ಕ, ಬಯ್ಬ್ಯಾಡಿ. ಮೊಟ್ಟೆ ತಿಂದಿದ್ದು ನಾನು.”

ನಾನು ಸೋಪು ಕೆಳಗಿಟ್ಟು ಅವಳ ಕಡೆ ತಿರುಗಿದೆ.

“ಎಲ್ಡು ತಿಂಗ್ಳಾಗದೆ. ಮೈಯಲ್ಲಿ ರಕ್ತ ಇಲ್ಲ, ದಿನಾ ಒಂದು ಮೊಟ್ಟೆ ತಿನ್ಲೇಬೇಕು ಅಂದ್ರು ಡಾಕ್ಟ್ರಮ್ಮ. ಓದ್ಸಲ ಬೇಗ ಯೋಳ್ಬುಟ್ಟು ಆಮೇಲೆ ಏನಾಯ್ತು ಅಂತ ನಿಮ್ಗೇ ಗೊತ್ತಲ್ಲ. ಅದ್ಕೆ ಮೂರು ತುಂಬಗಂಟ ಬಾಯ್ಬುಡಬ್ಯಾಡ ಅಂದ್ಳು ನಮ್ಮವ್ವ. ನೀವೂ ಯಾರ್ಗೂ ಯೋಳ್ಬ್ಯಾಡಿ ಅಕ್ಕ.”

ಹಿಂದಿನ ವರ್ಷ ಅವಳಿಗೆ ನಿಂತ ಬಸಿರು ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಜೊತೆ ಇದ್ದವಳು ನಾನೇ.

ಈಗ ನನಗೆ ಅರ್ಥವಾಯಿತು, ಅವಳು ಅಷ್ಟು ಗಟ್ಟಿಯಾಗಿ ದೀಪ ಹೇಗೆ ಮುಟ್ಟಿದಳೆಂದು. ನಾನು ತಿಂದಿಲ್ಲ ಎಂಬುದು ಅವಳಿಗೆ ನಂಬಿಕೆಯ ಮಾತಾಗಿರಲಿಲ್ಲ, ಖಚಿತವಾಗಿ ಗೊತ್ತಿದ್ದ ಮಾತು. ಆಣೆ ನೂರಕ್ಕೆ ನೂರು ನಿಜ. ಅವಳು ತಿಂದಳೇ ಎಂದು ಯಾರೂ ಕೇಳಿರಲಿಲ್ಲ.

ಆ ವಾರಗಳಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಬಸ್ಸಿನಲ್ಲಿ ಕೂತರೆ ಅದೇ ಯೋಚನೆ. ಪೋಪನ ಸನ್ಯಾಸಿಗಳು ಊರಿಗೆ ಬಂದಾಗ ಮೊದಲು ಕೆಲವು ದಿನ ಗಡುವು ಕೊಡುತ್ತಿದ್ದರು. ಅಷ್ಟರೊಳಗೆ ತಾವಾಗಿ ಬಂದು ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಹಗುರ. ನೆರೆಹೊರೆಯವರ ಹೆಸರು ಹೇಳುವುದಕ್ಕೂ ಅದೇ ಹೊತ್ತು. ದೂರು ಕೊಟ್ಟವರು ಯಾರೆಂದು ಸಿಕ್ಕಿಬಿದ್ದವನಿಗೆ ತಿಳಿಸುತ್ತಿರಲಿಲ್ಲ. ಆದರೆ ನಿನಗೆ ಹಗೆಗಳು ಯಾರೆಂದು ಅವನನ್ನೇ ಕೇಳುತ್ತಿದ್ದರು. ದೂರು ಕೊಟ್ಟವನು ಅವನು ಹೇಳಿದ ಹಗೆಗಳಲ್ಲಿ ಒಬ್ಬನಾದರೆ ಆ ದೂರಿಗೆ ಬೆಲೆಯಿಲ್ಲ. ಆ ಮುದುಕನ ಕಾಲದವರಿಗೆ ಹೊಟ್ಟೆಕಿಚ್ಚಿನ ಕಸುಬು ಚೆನ್ನಾಗಿ ಗೊತ್ತಿತ್ತು. ಇದನ್ನು ತರಗತಿಯಲ್ಲಿ ಹೇಳುವಾಗ ಹಾಸಿಗೆ ಅಂಗಡಿಯ ಹುಡುಗಿ ಕೇಳಿದಳು: “ಮ್ಯಾಮ್, ಅವ್ನು ಫ್ರೆಂಡು ಅಂದ್ಕೊಂಡಿರೋನೇ ದೂರು ಕೊಟ್ಟಿದ್ರೆ?” ನಾನು ಕಪ್ಪುಹಲಗೆ ಒರೆಸತೊಡಗಿದೆ.

ನನ್ನ ವಾರಗಿತ್ತಿಯನ್ನು ಕೇಳಿದ್ದರೆ ಅವಳು ನನ್ನನ್ನು ಹಗೆ ಎನ್ನುತ್ತಲೇ ಇರಲಿಲ್ಲ. ಅಕ್ಕ ಎನ್ನುತ್ತಿದ್ದಳು.

ನಾನು ಹೇಳಲಿಲ್ಲ. ಆಸ್ಪತ್ರೆಯ ಆ ದಿನ ನೆನಪಿತ್ತು, ಅದೊಂದು ಕಾರಣ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ನಾನು ಹೋಗಿ “ತಿಂದವಳು ನಿಮ್ಮ ಮುದ್ದಿನ ಮಗ,” ಎಂದು ದೂರಿದ್ದರೆ ಅತ್ತೆ ಏನು ಮಾಡುತ್ತಿದ್ದರು? “ಬಸ್ರಿನಾ?” ಎಂದು ಓಡಿಹೋಗಿ ಅವಳಿಗೆ ದೃಷ್ಟಿ ತೆಗೆಯುತ್ತಿದ್ದರು. ಹಸಿರು ಸೀರೆ ಉಡಿಸುತ್ತಿದ್ದರು. ಜಗತ್ತಿನಲ್ಲಿ ಯಾವ ವಿಚಾರಣೆಯಲ್ಲೂ ಇಂಥ ಅನ್ಯಾಯವಿಲ್ಲ. ಸಿಕ್ಕಿಬಿದ್ದವಳಿಗೆ ಆರತಿ, ಹಿಡಿದುಕೊಟ್ಟವಳಿಗೆ ಮುಖ ಸಿಂಡರಿಸುವುದು.

ಕಡೆಗೆ ಅದನ್ನು ಬಯಲು ಮಾಡಿದ್ದು ಸಾಂಬ್ರಾಣಿ. ಯುಗಾದಿ ಕಳೆದ ಒಂದು ಸೋಮವಾರ ಕೆಂಡದ ಮೇಲೆ ಪುಡಿ ಬಿದ್ದದ್ದೇ ತಡ, ಅವಳು ಬಟ್ಟಲನ್ನು ನೆಲಕ್ಕಿಟ್ಟು ಬಚ್ಚಲಿಗೆ ಓಡಿದಳು. ಅತ್ತೆ ಗಾಬರಿಯಾಗಲಿಲ್ಲ. ನಿಧಾನವಾಗಿ ಎದ್ದು ಮಂಡಿ ಹಿಡಿದುಕೊಂಡೇ ಬಚ್ಚಲವರೆಗೆ ನಡೆದು, ಅವಳ ಬೆನ್ನು ಸವರಿ, ನೀರು ಕೊಟ್ಟು, ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿ ಬಂದರು. ನೆಲದ ಮೇಲೆ ಹೊಗೆಯಾಡುತ್ತಿದ್ದ ಬಟ್ಟಲನ್ನು ತೋರಿಸಿ, “ತಕ್ಕ ಮೇಡಮ್ಮೋರೆ. ಇನ್ ಮ್ಯಾಲೆ ನೀನೇ ಆಕು. ಅವ್ಳು ಎತ್ತು, ಬಾಣಂತನ ಮುಗುಸ್ಕೊಂಡು ಬರಗಂಟ,” ಅಂದರು.

ನಾನು ಅವರ ಮುಖ ನೋಡಿದೆ. “ನಿಮಗೆ ಗೊತ್ತಿತ್ತಾ?”

“ಐದು ಮಕ್ಳ ಎತ್ತಿರೋಳು ನಾನು. ನಂಗ್ ಗೊತ್ತಾಗಲ್ವಾ? ಆ ಮೊಟ್ಟೆ ಚಿಪ್ಪು ಬಂದ್ ದಿಸ್ಲೇ ಗೊತ್ತಿತ್ತು.”

“ಗೊತ್ತಿದ್ದೂ ಅವತ್ತು ನನ್ನನ್ನ ದೀಪ ಮುಟ್ಟು ಅಂದ್ರಾ? ಆ ಹೆಂಗಸಿನ ಎದುರಿಗೆ?” ನನ್ನ ದನಿ ಏರಿತು.

ಅತ್ತೆಗೆ ನನ್ನ ಪ್ರಶ್ನೆಯೇ ಅರ್ಥವಾಗದ ಹಾಗಿತ್ತು. “ಇನ್ಯಾರ್ನ ಕೇಳ್ಲವ್ವ? ಅವ್ಳನ್ನ ಕೇಳುದ್ರೆ ಎದ್ರಿ ಸುಳ್ಳಾಣೆ ಇಟ್ಬುಡೋಳು. ಒಟ್ಟೇಲಿರೋ ಕೂಸ್ಗೆ ತಟ್ಟಲ್ವಾ? ನೀನು ತಿಂದಿರ್ನಿಲ್ಲ. ನೀನು ಮುಟ್ಟುದ್ರೆ ಯಾರ್ಗೂ ಏನೂ ಆಗ್ತಿರ್ನಿಲ್ಲ. ಆ ಎಂಗ್ಸು ಬಾಯ್ ಮುಚ್ಕೊಂಡು ಓಗೋಳು. ನಿನ್ ಮ್ಯಾಲೆ ಅಷ್ಟು ನಂಬ್ಕೆ ಇತ್ತು ನಂಗೆ. ನೀನು ನೋಡುದ್ರೆ ಎಮ್ಮೆ ಅಂಗೆ ನಿಂತ್ಕಬುಟ್ಟೆ.”

ನಾನು ಬಟ್ಟಲನ್ನು ಎತ್ತಿಕೊಂಡೆ. ಹಿಡಿ ಬಿಸಿಯಾಗಿತ್ತು. ಇಷ್ಟು ದಿನ ಬಯಸಿದ್ದು ಕೈಯಲ್ಲಿತ್ತು, ಬದಲಿ ಕೆಲಸದವಳಿಗೆ ಸಿಗುವ ಹಾಗೆ ಸಿಕ್ಕಿತ್ತು. ಜೊತೆಗೆ ಕೇಳದೆಯೇ ಇನ್ನೊಂದೂ ಸಿಕ್ಕಿತ್ತು: ಈ ಮನೆಯಲ್ಲಿ ನನ್ನ ಮಾತಿಗೆ ದೀಪದಷ್ಟು ಬೆಲೆಯಿದೆ, ಅತ್ತೆ ಅದನ್ನು ಎಂದೂ ಅನುಮಾನಿಸಿರಲಿಲ್ಲ. ಬೇರೆ ಯಾರಿಗಾದರೂ ಅದನ್ನು ಕೇಳಿ ಹೊಟ್ಟೆ ತಣ್ಣಗಾಗಬೇಕಿತ್ತು. ನನಗೆ ಆಗಲಿಲ್ಲ. ತಿಪ್ಪೆಯಲ್ಲಿ ಚಿಪ್ಪು ಸಿಕ್ಕ ಗಳಿಗೆಯಲ್ಲಿ ಆ ಮುದುಕಿಯ ಮನಸ್ಸು ಮೊದಲು ಓಡಿದ್ದು ಅವಳನ್ನು ಹೇಗೆ ಬಚ್ಚಿಡಲಿ ಎಂದು. ನನ್ನನ್ನು ಮುಂದೆ ನಿಲ್ಲಿಸಿದ್ದು ನಾನು ತಡೆದುಕೊಳ್ಳುತ್ತೇನೆ ಎಂದು. ಇಪ್ಪತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನಾನು ತಡೆದುಕೊಳ್ಳಲಾರೆ ಎಂದು ಅವರಿಗೆ ಅನ್ನಿಸಿಲ್ಲ.

ದೇವರ ಗೂಡಿಗೆ ಧೂಪ ತೋರಿಸಿದೆ. ಅಡುಗೆಮನೆಗೆ, ಕೋಣೆಗಳಿಗೆ, ಕೊಟ್ಟಿಗೆಗೆ ತಿರುಗಿದೆ. ಹಜಾರದ ಹತ್ತಿರ ಬಂದಾಗ ಅತ್ತೆ ಚಾಪೆಯ ಮೇಲೆ ಮಲಗಿದ್ದವಳಿಗೆ ಹೇಳುತ್ತಿದ್ದುದು ಕೇಳಿಸಿತು: “ಒಗೆ ಬತ್ತದೆ, ಆಚಿಕ್ಕೆ ತಿರೀಕ ಮಗ.”

ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನನಗೆ ಸಾಂಬ್ರಾಣಿ ಆಗುವುದಿಲ್ಲ. ಅದನ್ನು ಅವರಿಗೆ ನಾನು ಯಾವತ್ತೂ ಹೇಳಿಲ್ಲ, ಅವರೂ ಕೇಳಿಲ್ಲ.